ಕಂಬಳದ 9.55 ಸೆಕೆಂಡ್: ಹುಡುಗರಿಗೆ ಹೇಗೆ ವಿವರಿಸಲಿ?

ಪಿಟಿ_ಮೇಷ್ಟ್ರು
ನಮಸ್ಕಾರ. ಕಾರ್ಕಳ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು ನಾನು. ನಿನ್ನೆ ಮಳೆ ಬಂದು ಆಟದ ಪೀರಿಯಡ್ ಕ್ಲಾಸಿನೊಳಗೇ ಆಯ್ತು. ಒಂಬತ್ತನೇ ಕ್ಲಾಸಿನವರು ಹಳೇ ವಿಷಯ ತೆಗೆದರು. "ಸಾರ್, ಬೋಲ್ಟ್‌ಗಿಂತ ನಮ್ಮ ಶ್ರೀನಿವಾಸ ಗೌಡರೇ ಫಾಸ್ಟ್ ಅಲ್ವಾ?"

ನೆನಪಿಲ್ಲದವರಿಗೆ: 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು (ಕೋಣ ಓಡಿಸೋ ಕೆಸರಿನ ಟ್ರ್ಯಾಕ್) 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಅಂದರು. ಉಸೇನ್ ಬೋಲ್ಟ್‌ನ ನೂರು ಮೀಟರ್ ವಿಶ್ವದಾಖಲೆ 9.58. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟರು 143 ಮೀಟರನ್ನು 13.61ಕ್ಕೆ ಓಡಿದರು, ಅದು 9.51 ಆಯ್ತು.

ನಾನು "ಕೋಣ ಎಳೆಯುತ್ತೆ ಮಾರಾಯ, ಅದಕ್ಕೇ ಸ್ಪೀಡು" ಅಂದೆ. ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತು, "ಕೆಸರು ಹಿಂದಕ್ಕೆ ಎಳೆಯುತ್ತೆ ಅಲ್ವಾ ಸಾರ್? ಎರಡರಲ್ಲಿ ಯಾವುದು ಜಾಸ್ತಿ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಲ್ ಹೊಡೆದು ಮರ್ಯಾದೆ ಉಳಿಯಿತು. ಸೋಮವಾರ ಮತ್ತೆ ಅದೇ ಕ್ಲಾಸು. ಏನು ಹೇಳಲಿ?

ಸುಮ್ನೆ_ಓದುಗ
ಆ ಹುಡುಗನಿಗೆ ವಿಜ್ಞಾನಕ್ಕೆ ಸೇರು ಅಂತ ಹೇಳಿ ಸಾರ್.

ರಮ್ಯಾ_ಫಿಸಿಕ್ಸ್
ಒಳ್ಳೇ ಪ್ರಶ್ನೆ. ನಿಜವಾದ ಉತ್ತರ: ಯಾವುದು ಜಾಸ್ತಿ ಅಂತ ಅಳೆಯದೆ ಹೇಳಕ್ಕಾಗಲ್ಲ. ಎರಡು ಕಾರಣ ಒಟ್ಟಿಗೇ ಕೆಲಸ ಮಾಡುತ್ತಿವೆ, ನಮ್ಮ ಕೈಯಲ್ಲಿ ಇರೋದು ಕೊನೆಯ ಒಂದೇ ಒಂದು ಸಂಖ್ಯೆ. ಒಂದು ಸಮೀಕರಣ, ಎರಡು ಅಜ್ಞಾತ. ಹೈಸ್ಕೂಲ್ ಹುಡುಗರಿಗೆ ಇದು ಅರ್ಥ ಆಗುತ್ತೆ.

ಆದರೆ ಅದಕ್ಕೂ ಮೊದಲು ಆ 9.55 ಎಲ್ಲಿಂದ ಬಂತು ನೋಡಿ. 13.62 ಭಾಗಿಸು 142.5, ಗುಣಿಸು 100. ತ್ರೈರಾಶಿ. ಮೂರು ಬಾಳೆಹಣ್ಣಿಗೆ ಇಷ್ಟು, ಐದಕ್ಕೆ ಎಷ್ಟು ಅನ್ನೋ ಲೆಕ್ಕ. ಓಟ ಬಾಳೆಹಣ್ಣಲ್ಲ. ಎಲ್ಲ ಮೀಟರಿನ ರೇಟೂ ಒಂದೇ ಅಲ್ಲ.

ಬರ್ಲಿನ್‌ನಲ್ಲಿ 2009ರಲ್ಲಿ ಬೋಲ್ಟ್ 9.58 ಓಡಿದಾಗ ಮೊದಲ ಹತ್ತು ಮೀಟರಿಗೇ 1.89 ಸೆಕೆಂಡ್ ಹೋಯ್ತು. ಅದರಲ್ಲಿ ಸುಮಾರು 0.15 ಸೆಕೆಂಡ್ ಗನ್ ಸದ್ದಿಗೆ ಮೈ ಅಲ್ಲಾಡಿಸೋದಕ್ಕೇ. ಆದರೆ 60ರಿಂದ 80 ಮೀಟರ್ ತನಕದ ಇಪ್ಪತ್ತು ಮೀಟರಿಗೆ ಬರೀ 1.61 ಸೆಕೆಂಡ್. ಗಂಟೆಗೆ 44 ಕಿ.ಮೀ. ಮೀರಿದ ವೇಗ. ಓಟ ಉದ್ದವಾದಷ್ಟೂ ಆ ಮೊದಲಿನ ನಷ್ಟ ಜಾಸ್ತಿ ಮೀಟರುಗಳಿಗೆ ಹಂಚಿಹೋಗುತ್ತೆ. ಹಾಗಾಗಿ 142 ಮೀಟರನ್ನು ನೂರಕ್ಕೆ ಇಳಿಸಿದರೆ ಲಾಭ ಯಾವಾಗಲೂ ಉದ್ದ ಓಡಿದವನಿಗೇ.

ಸ್ಟಾಪ್‌ವಾಚ್
@ರಮ್ಯಾ_ಫಿಸಿಕ್ಸ್ ಇದಕ್ಕೆ ಬೋಲ್ಟ್‌ನಿಂದಲೇ ಸಾಕ್ಷಿ ಕೊಡಬಹುದು. 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ಹಾಕಿದ್ದ ನೇರ ಟ್ರ್ಯಾಕಿನಲ್ಲಿ ಅವನು 150 ಮೀಟರನ್ನು 14.35ಕ್ಕೆ ಓಡಿದ. ಒಂದೂವರೆಯಿಂದ ಭಾಗಿಸಿ. 9.567! ಅಂದರೆ ಬರ್ಲಿನ್‌ಗೆ ಮೂರು ತಿಂಗಳು ಮೊದಲೇ, ಇನ್ನೂ ಮಾಡದೇ ಇದ್ದ ತನ್ನ ದಾಖಲೆಯನ್ನು ಅವನೇ ಮುರಿದಿದ್ದ. ಅದರಲ್ಲಿ ಕೊನೆಯ ನೂರು ಮೀಟರಿಗೆ ಆಗಿದ್ದು 8.70. ಅದನ್ನೂ ಯಾರೂ ದಾಖಲೆ ಅನ್ನಲಿಲ್ಲ, ಯಾಕಂದ್ರೆ ಓಡುತ್ತಾ ಬಂದು ಗೆರೆ ದಾಟಿದ್ದು.

ಇನ್ನೊಂದು. ಲಂಡನ್ ಒಲಿಂಪಿಕ್ಸ್ 4x100 ರಿಲೇ, ಜಮೈಕಾ 36.84. ನಾಲ್ಕರಿಂದ ಭಾಗಿಸಿ: 9.21. ನಾಲ್ಕೂ ಜನ ವಿಶ್ವದಾಖಲೆ ವೀರರು!

ಪಿಟಿ_ಮೇಷ್ಟ್ರು
ರಿಲೇ ಲೆಕ್ಕ ಹುಡುಗರಿಗೆ ತಕ್ಷಣ ಹತ್ತುತ್ತೆ. ಥ್ಯಾಂಕ್ಸ್.

ತುಳುನಾಡ_ಕುವರ
ನೀವೆಲ್ಲ ಸೇರಿ ನಮ್ಮವರನ್ನು ಕೆಳಗೆ ಇಳಿಸೋದೇ ಕೆಲಸ. ಬೋಲ್ಟ್‌ಗೆ ಲಕ್ಷ ರೂಪಾಯಿಯ ಶೂ, ಸಿಂಥೆಟಿಕ್ ಟ್ರ್ಯಾಕ್, ಕೋಚ್, ಡಯಟ್. ಇವರು ಬರಿಗಾಲಲ್ಲಿ ಕೆಸರು ಗದ್ದೆಯಲ್ಲಿ ಓಡಿದ್ದು. ಅದೇ ಬೋಲ್ಟ್‌ನನ್ನು ಐಕಳಕ್ಕೆ ಕರೆದುಕೊಂಡು ಬನ್ನಿ ನೋಡೋಣ.

ಸುಮ್ನೆ_ಓದುಗ
ಬಂದರೆ ಮೊದಲು ಕೋಣ ಒಪ್ಪಬೇಕು.

ಗಂತಿನಿಂದ_ಮಂಜೊಟ್ಟಿಗೆ
ಕಂಬಳದ ಮನೆಯವನು ನಾನು. ಅಜ್ಜನ ಕಾಲದಿಂದ ಕೋಣ ಸಾಕುತ್ತೇವೆ. @ತುಳುನಾಡ_ಕುವರ ಅವರ ಸಿಟ್ಟು ಅರ್ಥ ಆಗುತ್ತೆ, ಆದರೆ ನಮ್ಮ ಕಡೆಯ ಹಿರಿಯರು ಯಾರೂ ಆ ಹೋಲಿಕೆ ಮಾಡಿದವರಲ್ಲ. ಗೌಡರೇ ಆಗ ಪತ್ರಿಕೆಯವರಿಗೆ ಹೇಳಿದ್ದರು, ಇದರಲ್ಲಿ ಕೋಣಗಳ ಪಾಲೂ ಇದೆ ಅಂತ. ಕಂಬಳದಲ್ಲಿ ಹಿಮ್ಮಡಿ ಊರಿ ಓಡುತ್ತೇವೆ, ಟ್ರ್ಯಾಕಿನಲ್ಲಿ ಬೆರಳಿನ ಮೇಲೆ ಓಡುತ್ತಾರೆ, ಎರಡೂ ಬೇರೆ ಅಂತಲೂ ಹೇಳಿದ್ದರು. ಸಾಯ್‌ನವರು (ಭಾರತೀಯ ಕ್ರೀಡಾ ಪ್ರಾಧಿಕಾರ) ಟ್ರಯಲ್ಸ್‌ಗೆ ಕರೆದಾಗ ಬರಲ್ಲ ಅಂದರು. ಸೀಸನ್ ನಡೀತಿತ್ತು, ಓಡೋ ಕೋಣ ಬಿಟ್ಟು ಹೋಗೋದು ಹೇಗೆ?

ಈಗ ವಿಷಯಕ್ಕೆ ಬರ್ತೇನೆ. ಕಂಬಳದಲ್ಲಿ ಟೈಮ್ ಹಿಡಿಯೋದು ಕೋಣದ ಓಟಕ್ಕೆ, ಮನುಷ್ಯನ ಓಟಕ್ಕಲ್ಲ. ಬಹುಮಾನ ಘೋಷಣೆ ಮಾಡುವಾಗಲೂ ಮೊದಲು ಬರೋದು ಕೋಣದ ಯಜಮಾನರ ಹೆಸರು, ಆಮೇಲೆ ಓಡಿಸಿದವರದ್ದು. ಕನೆಹಲಗೆ ಅನ್ನೋ ವಿಭಾಗದಲ್ಲಂತೂ ಟೈಮೇ ಇಲ್ಲ. ಹಲಗೆ ಮೇಲೆ ನಿಂತು ಹೋಗುವಾಗ ನೀರು ಎಷ್ಟು ಮೇಲಕ್ಕೆ ಚಿಮ್ಮಿತು, ಆರೂವರೆ ಕೋಲು (ಎತ್ತರದ ಅಳತೆ) ಮೇಲೆ ಕಟ್ಟಿದ ನಿಶಾನೆ ಬಟ್ಟೆಗೆ ತಾಗಿತಾ, ಏಳೂವರೆ ಕೋಲಿನದಕ್ಕೆ ತಾಗಿತಾ, ಅಷ್ಟೇ. ಅದನ್ನು ಒಲಿಂಪಿಕ್ಸಿನ ಯಾವ ಆಟಕ್ಕೆ ಇಳಿಸುತ್ತೀರಿ ಹೇಳಿ?

ಇನ್ನು ಎಳೆಯೋ ವಿಷಯ. ಇಪ್ಪತ್ತನೇ ವಯಸ್ಸಿನಲ್ಲಿ ಮನೆಯ ಗದ್ದೆಯಲ್ಲಿ ಒಮ್ಮೆ ಹಗ್ಗ ಹಿಡಿದಿದ್ದೆ. ಮೊದಲ ನಾಲ್ಕೈದು ಹೆಜ್ಜೆ ನಾನು ಓಡಿದೆ. ಆಮೇಲೆ ಓಡಿದ್ದು ನಾನಲ್ಲ, ನನ್ನ ಕಾಲು. ನೆಲಕ್ಕೆ ತಾಗಿದೆಯೋ ಇಲ್ಲವೋ ಗೊತ್ತಾಗದಷ್ಟು ದೊಡ್ಡ ದೊಡ್ಡ ಹೆಜ್ಜೆ. ಮೂವತ್ತು ಮೀಟರ್ ಹೋಗಿರಬಹುದು, ಒಂದು ಹೆಜ್ಜೆ ತಪ್ಪಿತು, ಮುಖ ಕೆಸರಿಗೆ. ಬಾಯಲ್ಲಿದ್ದ ಮಣ್ಣು ಉಗುಳುತ್ತಾ ಎದ್ದಾಗ ಕೋಣಗಳು ಆ ತುದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದವು. ಆ ಹಗ್ಗದ ಜೊತೆ ಹೆಜ್ಜೆ ಕೂಡಿಸಿ ಬೀಳದೆ ಮಂಜೊಟ್ಟಿ (ಓಟ ಮುಗಿಯೋ ತುದಿ) ಹತ್ತೋದು ಇದೆಯಲ್ಲ, ಅದೇ ದೊಡ್ಡ ವಿದ್ಯೆ. ಅದಕ್ಕೆ ಬೋಲ್ಟ್‌ನ ಸರ್ಟಿಫಿಕೇಟ್ ಬೇಡ.

ರಮ್ಯಾ_ಫಿಸಿಕ್ಸ್
"ಓಡಿದ್ದು ನಾನಲ್ಲ, ನನ್ನ ಕಾಲು." ಇದನ್ನೇ ಹುಡುಕುತ್ತಿದ್ದೆ! ಓಟಗಾರರ ತರಬೇತಿಯಲ್ಲಿ ಸೊಂಟಕ್ಕೆ ರಬ್ಬರ್ ಹಗ್ಗ ಕಟ್ಟಿ ಮುಂದಕ್ಕೆ ಎಳೆಯುವ ಪದ್ಧತಿ ಇದೆ. ಎಳೆದಾಗ ಸ್ವಂತ ಗರಿಷ್ಠ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಓಡುತ್ತಾರೆ. ಮುಖ್ಯವಾಗಿ ಹೆಜ್ಜೆ ಉದ್ದವಾಗುತ್ತೆ. ನೀವು ಹೇಳಿದ್ದು ಅದೇ.

ಎಳೆತ ಸ್ವಲ್ಪವೇ ಇದ್ದರೂ ಯಾಕೆ ಅಷ್ಟು ಪರಿಣಾಮ ಅಂದ್ರೆ: ಪೂರ್ತಿ ವೇಗದಲ್ಲಿ ಓಡುವಾಗ ಪಾದ ನೆಲದ ಮೇಲಿರೋದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲೇ ಮೊದಲು ಬ್ರೇಕ್ ಬೀಳುತ್ತೆ, ಆಮೇಲೆ ಮುಂದಕ್ಕೆ ತಳ್ಳಬೇಕು. ತಳ್ಳಿದ್ದು, ಬ್ರೇಕ್ ಬಿದ್ದಿದ್ದು ಹೆಚ್ಚುಕಮ್ಮಿ ಸರಿಹೋಗುತ್ತೆ. ಉಳಿಯೋದು ಗಾಳಿಯ ತಡೆ ಮಾತ್ರ. ನಾನು ಕೂತು ಅಂದಾಜು ಹಾಕಿದರೆ ಬೋಲ್ಟ್ ವೇಗದಲ್ಲಿ ಗಾಳಿಯ ತಡೆ ಮೂರ್ನಾಲ್ಕು ಕೆಜಿ ತೂಕದಷ್ಟು ಬರುತ್ತೆ. ಒಂದು ಕೋಣ ಮೂರ್ನಾಲ್ಕು ಕೆಜಿಯಷ್ಟು ಎಳೆಯಲ್ವಾ? ಇಲ್ಲಿ ಎರಡು ಕೋಣ.

ಕೆಸರಿನ ಕಡೆಯಿಂದ ನೋಡಿದರೆ, ಮೆತ್ತಗಿನ ನೆಲ ತಳ್ಳಿದ ಶಕ್ತಿಯನ್ನು ನುಂಗುತ್ತೆ, ವಾಪಸ್ ಕೊಡಲ್ಲ. ಆ ಹುಡುಗ ಹೇಳಿದ್ದು ಸರಿಯೇ.

ಹುಬ್ಬಳ್ಳಿ_ಎಂಜಿನಿಯರ್
ಹಂಗಾದ್ರ ಅಳೀರಿ ಮತ್ತ! ಹಗ್ಗಕ್ಕೆ ಒಂದು ಲೋಡ್ ಸೆಲ್ ಕಟ್ಟಿದ್ರ ಮುಗೀತು. ನಮ್ಮ ಫ್ಯಾಕ್ಟರಿಯಾಗ ಕ್ರೇನಿಗೆ ಹಾಕೋದು ಅದನ್ನ. ಎಷ್ಟು ಎಳೀತು ಅಂತ ಪ್ರತಿ ಕ್ಷಣದ ಗ್ರಾಫ್ ಬರ್ತದ. ಇಷ್ಟೆಲ್ಲ ವಾದ ಯಾಕ ಬೇಕ್ರೀ?

ಗಂತಿನಿಂದ_ಮಂಜೊಟ್ಟಿಗೆ
ಓಟದ ದಿನ ಹಗ್ಗಕ್ಕೆ ಪೆಟ್ಟಿಗೆ ಕಟ್ಟಲಿಕ್ಕೆ ಯಾವ ಯಜಮಾನರೂ ಬಿಡಲ್ಲ ಮಾರಾಯ್ರೆ. ಹಗ್ಗದ ತೂಕ ಬದಲಾದರೂ ಕೋಣಕ್ಕೆ ಗೊತ್ತಾಗುತ್ತೆ. ಸೀಸನ್ ಇಲ್ಲದಾಗ ಅಳೆಯಬಹುದು, ಆದರೆ ಆಗ ಜನ ಇಲ್ಲ, ವಾದ್ಯ ಇಲ್ಲ, ಪಕ್ಕದ ಕರೆಯಲ್ಲಿ ಇನ್ನೊಂದು ಜೋಡಿ ಇಲ್ಲ. ಕೋಣ ಹಾಗೆ ಓಡಲ್ಲ.

ರಮ್ಯಾ_ಫಿಸಿಕ್ಸ್
ಕ್ರೀಡಾ ವಿಜ್ಞಾನದ ಹಳೇ ತಲೆನೋವು ಇದೇ. ಲ್ಯಾಬಿನಲ್ಲಿ ಅಳೆದರೆ ಅಳತೆ ಸರಿ ಬರುತ್ತೆ, ಆಟ ಬದಲಾಗುತ್ತೆ. ಮೈದಾನದಲ್ಲಿ ಅಳೆದರೆ ಆಟ ಅಸಲಿ, ಅಳತೆ ಕೆಡುತ್ತೆ. ಟ್ರೆಡ್‌ಮಿಲ್ ಮೇಲೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಓಡೋದು ಫೈನಲ್‌ನಲ್ಲಿ ಓಡಿದಂತಲ್ಲ. ಪಾಪ ಲೋಡ್ ಸೆಲ್‌ಗೆ ಕೆಸರು ನೀರು ಬೇರೆ.

ಹುಬ್ಬಳ್ಳಿ_ಎಂಜಿನಿಯರ್
ವಾಟರ್‌ಪ್ರೂಫ್ ಸಿಗ್ತಾವ್ರೀ. ಕೋಣಪ್ರೂಫ್ ಸಿಗಂಗಿಲ್ಲ, ಒಪ್ಪಿದೆ.

ಸ್ಟಾಪ್‌ವಾಚ್
ಜಿಲ್ಲಾ ಮಟ್ಟದ ಅಥ್ಲೆಟಿಕ್ಸ್‌ನಲ್ಲಿ ಹದಿನೈದು ವರ್ಷ ಟೈಮ್ ಕೀಪರ್ ಕೆಲಸ ಮಾಡಿದವನು ನಾನು. ನನಗೆ ಕೋಣ, ಕೆಸರಿಗಿಂತ ಮೊದಲು ಕಾಣೋದು ಗಡಿಯಾರ ಮತ್ತು ಟೇಪು.

9.55ಕ್ಕೂ 9.58ಕ್ಕೂ ಇರೋ ಅಂತರ 0.03 ಸೆಕೆಂಡ್. ಸಾಮಾನ್ಯ ಮೊಬೈಲ್ ವಿಡಿಯೋದಲ್ಲಿ ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ ಹೋಗೋದರೊಳಗೆ ಅಷ್ಟು ಹೊತ್ತು ಆಗುತ್ತೆ. ಇನ್ನು ಉದ್ದ. 142.5 ಮೀಟರಿನ ಕರೆ ಒಂದು ಅಡಿಗಿಂತ ಚೂರು ಜಾಸ್ತಿ ಗಿಡ್ಡ ಇದ್ದರೆ ಸಾಕು, 9.55 ಹೋಗಿ 9.58 ಆಗುತ್ತೆ. ಅಥ್ಲೆಟಿಕ್ಸ್ ದಾಖಲೆಗೆ ಟ್ರ್ಯಾಕನ್ನು ಸರ್ವೆ ಮಾಡಿ ಸರ್ಟಿಫಿಕೇಟ್ ಇಟ್ಟಿರಬೇಕು. ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿ ಬೆನ್ನಿಗೆ ಬೀಸಿದರೆ ದಾಖಲೆ ಇಲ್ಲ. ಬರ್ಲಿನ್‌ನಲ್ಲಿ 0.9 ಇತ್ತು. ಗನ್ ಸದ್ದಾಗಿ 0.1 ಸೆಕೆಂಡ್ ಆಗೋ ಮೊದಲೇ ಕದಲಿದರೆ ಫೌಲ್.

ಗಾಳಿ ಏನು ಮಾಡುತ್ತೆ ಅಂತ ನೋಡಬೇಕಾ? 2011ರಲ್ಲಿ ಜಪಾನಿನ ಒಂದು ಟಿವಿ ಶೋನಲ್ಲಿ ಅಮೆರಿಕದ ಓಟಗಾರ ಜಸ್ಟಿನ್ ಗ್ಯಾಟ್ಲಿನ್ ಹಿಂದೆ ದೊಡ್ಡ ದೊಡ್ಡ ಫ್ಯಾನ್ ಇಟ್ಟು ನೂರು ಮೀಟರ್ ಓಡಿಸಿದರು. 9.45! ಅವನ ಕಾಲು ಅದೇ, ಮೈ ಅದೇ. ಫ್ಯಾನ್ ಬದಲು ಕೋಣ ಇಟ್ಟರೆ ಕಂಬಳ.

ಕಬ್ಬನ್_ಓಟಗಾರ್ತಿ
ಗಾಳಿ ಬಿಡಿ, ನನ್ನ ವಾಚ್ ಕಥೆ ಕೇಳಿ. ಬೆಂಗಳೂರು 10ಕೆ ಓಡಿದಾಗಲೆಲ್ಲ ವಾಚಲ್ಲಿ 10.2 ಕಿ.ಮೀ. ಬರುತ್ತೆ. ನನ್ನ ಗುಂಪಿನ ಅರ್ಧ ಜನ "ಆಯೋಜಕರು ಜಾಸ್ತಿ ಓಡಿಸಿದರು" ಅಂತ ಬೈತಾರೆ. ಕಬ್ಬನ್ ಪಾರ್ಕಿನ ಮರಗಳ ಕೆಳಗೆ ನನ್ನ ಮ್ಯಾಪ್ ನೋಡಿದರೆ ನಾನು ಕೆರೆಯೊಳಗೆ ಓಡಿದ ಹಾಗಿದೆ.

ಸ್ಟಾಪ್‌ವಾಚ್
ರಸ್ತೆ ಓಟದ ಕೋರ್ಸನ್ನು ಸೈಕಲ್ ಚಕ್ರಕ್ಕೆ ಕೌಂಟರ್ ಕಟ್ಟಿ, ತಿರುವುಗಳಲ್ಲಿ ಅತಿ ಹತ್ತಿರದ ದಾರಿ ಹಿಡಿದು ಅಳೆಯುತ್ತಾರೆ. ಮೇಲೆ ಕಿಲೋಮೀಟರಿಗೆ ಒಂದು ಮೀಟರ್ ಸೇರಿಸುತ್ತಾರೆ, ಗಿಡ್ಡ ಆಗಬಾರದು ಅಂತ. ನೀವು ತಿರುವಿನಲ್ಲಿ ಹೊರಗಿನಿಂದ ಸುತ್ತಿದ್ದು, ವಾಚ್ ತಪ್ಪು ಎಣಿಸಿದ್ದು, ಎರಡೂ ಸೇರಿ 10.2. ಆಯೋಜಕರನ್ನು ಬೈಯಬೇಡಿ.

ಕಬ್ಬನ್_ಓಟಗಾರ್ತಿ
ಗುಂಪಿಗೆ ಹೇಳಲ್ಲ. ಬೈಯೋದೇ ಅವರ ಕೂಲ್‌ಡೌನ್.

ತುಳುನಾಡ_ಕುವರ
ಎಲ್ಲ ಸರಿ. ಆದರೆ ಬೋಲ್ಟ್‌ನ ಸಂಖ್ಯೆಗೆ ಸರ್ಟಿಫಿಕೇಟ್, ನಮ್ಮ ಸಂಖ್ಯೆಗೆ ಅನುಮಾನ. 2021ರಲ್ಲಿ ನೂರಕ್ಕೆ ಇಳಿಸಿದ ಲೆಕ್ಕ ಒಂಬತ್ತು ಸೆಕೆಂಡಿಗಿಂತಲೂ ಕೆಳಗೆ ಬಂತಲ್ಲ, ಅದಕ್ಕೇನು ಹೇಳ್ತೀರಿ?

ರಮ್ಯಾ_ಫಿಸಿಕ್ಸ್
ಅದು ನಮ್ಮ ವಾದಕ್ಕೇ ಬಲ ಅಲ್ವಾ? ಬೋಲ್ಟ್ ಬಂದಾಗ ಪ್ರಪಂಚ ಬೆರಗಾಗಿದ್ದು ದಾಖಲೆ 9.74ರಿಂದ ಒಂದೂವರೆ ವರ್ಷದೊಳಗೆ 9.58ಕ್ಕೆ ಇಳಿದಿದ್ದಕ್ಕೆ. ಇಲ್ಲಿ ಒಂದೇ ವರ್ಷದಲ್ಲಿ ಅರ್ಧ ಸೆಕೆಂಡಿಗಿಂತ ಜಾಸ್ತಿ ಇಳಿಯಿತು. ಓಡಿಸಿದವರ ಕಾಲು ಅಷ್ಟು ಬದಲಾಗಿರಲ್ಲ. ಕೋಣದ ಜೋಡಿ, ಕರೆಯ ಉದ್ದ, ನೀರು, ಕೆಸರು ಬದಲಾಗಿರುತ್ತೆ.

ಇನ್ನೊಂದು ಮೋಸ ಕೂಡ ಇದೆ, ಯಾರೂ ಬೇಕಂತ ಮಾಡಿದ್ದಲ್ಲ. ಒಂದು ಸೀಸನ್ನಿನಲ್ಲಿ ಎಷ್ಟು ಕಂಬಳ, ಒಂದೊಂದರಲ್ಲಿ ಎಷ್ಟು ಜೋಡಿ, ಎಷ್ಟು ಸುತ್ತು! ಅಷ್ಟರಲ್ಲಿ ಒಂದು ಅತಿ ಒಳ್ಳೇ ಟೈಮ್ ಆರಿಸಿ ಪೇಪರಿನಲ್ಲಿ ಹಾಕುತ್ತೇವೆ. ಅಳತೆಯಲ್ಲಿ ಹೆಚ್ಚುಕಮ್ಮಿ ಇದ್ದರೆ, ನಮ್ಮ ಪರವಾಗಿ ತಪ್ಪಿದ್ದೇ ಮೇಲೆ ಬರುತ್ತೆ.

ಹುಬ್ಬಳ್ಳಿ_ಎಂಜಿನಿಯರ್
ಕ್ರಿಕೆಟ್ ಸ್ಪೀಡ್ ಗನ್ನೂ ಹಂಗೇ. ಕೈಯಿಂದ ಬಿಟ್ಟಾಗಿನ ಸ್ಪೀಡ್ ಬೇರೆ, ಬ್ಯಾಟ್ ಹತ್ರ ಬಂದಾಗ ಬೇರೆ. ಎಲ್ಲಿ ಅಳತಿ ಮಾಡಿದ್ರು ಅಂತ ಕೇಳಲಾರದ ನಮ್ಮ ಕಾಕಾ ಹಳೇ ಬೌಲರ್‌ಗಳನ್ನ ಈಗಿನವರ ಜೋಡಿ ಹಚ್ಚಿ ದಿನಾ ಜಗಳಾ ತಗೀತಾರ. ಶ್ರೀನಾಥ್ ಅಂದ್ರ ಅವರಿಗೆ ದೇವರು.

ಸುಮ್ನೆ_ಓದುಗ
ಶ್ರೀನಾಥ್ ವಿಷಯದಲ್ಲಿ ಕಾಕಾ ಹೇಳಿದ್ದೇ ಸರಿ. ಇಲ್ಲಿ ವಿಜ್ಞಾನ ಬೇಡ.

ನಿರ್ವಾಹಕ
ಕ್ರಿಕೆಟ್‌ಗೆ ಬೇರೆ ದಾರ (ಥ್ರೆಡ್) ಇದೆ. ಕಂಬಳ ಇರಬೇಕಾ ಬೇಡವಾ ಅನ್ನೋ ಎರಡು ಕಾಮೆಂಟ್ ತೆಗೆದಿದ್ದೇನೆ, ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪು ಕೊಟ್ಟಾಗಿನ ದಾರದಲ್ಲಿ ಅದನ್ನು ಮುಂದುವರಿಸಿ.

ಸ್ಟಾಪ್‌ವಾಚ್
@ಪಿಟಿ_ಮೇಷ್ಟ್ರು, ಸಾರ್, ಟ್ರಯಲ್ಸ್ ಬಗ್ಗೆ ಹುಡುಗರು ಕೇಳಿದರೆ ಇದನ್ನೂ ಹೇಳಿ. 2019ರಲ್ಲಿ ಮಧ್ಯಪ್ರದೇಶದ ರಾಮೇಶ್ವರ್ ಗುರ್ಜರ್ ಬರಿಗಾಲಲ್ಲಿ ನೂರು ಮೀಟರನ್ನು 11 ಸೆಕೆಂಡಿಗೆ ಓಡಿದ ಅಂತ ಒಂದು ವಿಡಿಯೋ ಓಡಾಡಿತು. ಭೋಪಾಲಿನಲ್ಲಿ ಟ್ರಯಲ್ಸ್ ಮಾಡಿದರು. ಹತ್ತಿರ ಹತ್ತಿರ 13 ಸೆಕೆಂಡ್ ಬಂತು, ಆ ಓಟದಲ್ಲಿ ಕೊನೆಯವನಾದ. ಹುಡುಗನ ತಪ್ಪೇನಿಲ್ಲ. ರಸ್ತೆಯಲ್ಲಿ ತೆಗೆದ ಒಂದು ವಿಡಿಯೋ ನಂಬಿ ದೇಶವೇ ಅವನ ತಲೆ ಮೇಲೆ ಕೂತಿತ್ತು. ಗೌಡರು ಬರಲ್ಲ ಅಂದಿದ್ದು ಬುದ್ಧಿವಂತಿಕೆ.

ಪಿಟಿ_ಮೇಷ್ಟ್ರು
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನೂ ಇಂಥದ್ದೇ ಮಾಡಿದವನು. ಎಂಟು ವರ್ಷದ ಹಿಂದೆ ಒಬ್ಬ ಹುಡುಗ ನಮ್ಮ ಮೈದಾನದಲ್ಲಿ ನೂರು ಮೀಟರನ್ನು 11.3ಕ್ಕೆ ಓಡುತ್ತಿದ್ದ. ನನ್ನದೇ ಸ್ಟಾಪ್‌ವಾಚು. ನೀನು ರಾಜ್ಯಕ್ಕೆ ಹೋಗ್ತಿ ಅಂತ ದಿನಾ ಹೇಳಿದೆ. ವಿಭಾಗ ಮಟ್ಟಕ್ಕೆ ಕರೆದುಕೊಂಡು ಹೋದರೆ ಸಿಂಥೆಟಿಕ್ ಟ್ರ್ಯಾಕು, ಎಲೆಕ್ಟ್ರಾನಿಕ್ ಟೈಮಿಂಗು, ಬಂದಿದ್ದು 12.1. ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿ ಕಡೆ ಮುಖ ತಿರುಗಿಸಿದವನು ಕಾರ್ಕಳ ಬರುವ ತನಕ ತಿರುಗಿ ನೋಡಲಿಲ್ಲ. ನಾನು "ಟೆನ್ಶನ್ ಮಾಡಿಕೊಂಡೆ ನೀನು" ಅಂತ ಅವನಿಗೇ ಬೈದೆ.

ಸ್ಟಾಪ್‌ವಾಚ್
ಒಂದು ಕೇಳ್ತೀನಿ, ಬೇಜಾರಾಗಬೇಡಿ. ಸ್ಟಾರ್ಟ್ ಹೇಗೆ ಕೊಡ್ತಿದ್ರಿ?

ಪಿಟಿ_ಮೇಷ್ಟ್ರು
ಆ ತುದಿಯಲ್ಲಿ ಒಬ್ಬ ಹುಡುಗ ವಿಸಿಲ್ ಊದುತ್ತಿದ್ದ. ಈ ತುದಿಯಲ್ಲಿ ನಾನು ಕೇಳಿ ಒತ್ತುತ್ತಿದ್ದೆ.

ಸ್ಟಾಪ್‌ವಾಚ್
ಅದೇ ಅಂದುಕೊಂಡೆ. ಶಬ್ದ ನೂರು ಮೀಟರ್ ಬರೋದಕ್ಕೆ ಸುಮಾರು 0.3 ಸೆಕೆಂಡ್ ಬೇಕು. ಅಷ್ಟರಲ್ಲಿ ಹುಡುಗ ಹೊರಟಾಗಿದೆ, ನಿಮ್ಮ ವಾಚು ಇನ್ನೂ ಹೊರಟಿಲ್ಲ. ಅದಕ್ಕೇ ನಮಗೆ ಕಲಿಸೋದು, ಗನ್ನಿನ ಹೊಗೆ ನೋಡಿ ಒತ್ತು, ಸದ್ದು ಕೇಳಿ ಒತ್ತಬೇಡ ಅಂತ. ಕೇಳಿ ಒತ್ತೋ ಬೆರಳು ಇನ್ನಷ್ಟು ತಡ. ಕೊನೆಯಲ್ಲಿ ಹುಡುಗ ಗೆರೆ ಹತ್ತಿರ ಬರೋದು ಕಾಣುತ್ತೆ, ಹಾಗಾಗಿ ಅಲ್ಲಿ ಬೆರಳು ತಡ ಮಾಡಲ್ಲ. ಸರಿಯಾಗಿ ಮಾಡಿದ ಕೈ ಟೈಮಿಂಗ್‌ಗೂ ಎಲೆಕ್ಟ್ರಾನಿಕ್‌ಗೆ ಹೋಲಿಸುವಾಗ 0.24 ಸೇರಿಸುವ ರೂಢಿ ಇದೆ. ನಿಮ್ಮ 11.3ಕ್ಕೆ ಇವೆರಡನ್ನೂ ಸೇರಿಸಿದರೆ 11.8 ದಾಟುತ್ತೆ. ಟೆನ್ಶನ್ ಪಾಲು ಉಳಿದಿದ್ದು ಅಷ್ಟಿಷ್ಟೇ.

ಪಿಟಿ_ಮೇಷ್ಟ್ರು
ಅಂದರೆ ಅವನು ಸರಿಯಾಗಿಯೇ ಓಡಿದ್ದ.

ಸ್ಟಾಪ್‌ವಾಚ್
ಹೆಚ್ಚುಕಮ್ಮಿ.

ಗಂತಿನಿಂದ_ಮಂಜೊಟ್ಟಿಗೆ
ಈಗ ಎಲ್ಲಿದ್ದಾನೆ ಆ ಹುಡುಗ?

ಪಿಟಿ_ಮೇಷ್ಟ್ರು
ಮಂಗಳೂರಿನಲ್ಲಿ ಕೆಲಸ. ಕಳೆದ ವರ್ಷ ಸಂತೆಯಲ್ಲಿ ಸಿಕ್ಕಿ ನಮಸ್ಕಾರ ಮಾಡಿದ. ನಂಬರ್ ಇದೆ. ನಾಳೆ ಫೋನ್ ಮಾಡ್ತೇನೆ.

ಕಬ್ಬನ್_ಓಟಗಾರ್ತಿ
ಸಾರ್, ಹುಡುಗರ ಕೈಯಲ್ಲೇ ಅಳೆಸಿ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಸಿಗುತ್ತೆ. ಮಧ್ಯದ ಇಪ್ಪತ್ತು ಮೀಟರಿಗೆ ಎರಡು ಕೋಲು ನೆಟ್ಟು, ಅವುಗಳ ನಡುವಿನ ಫ್ರೇಮ್ ಎಣಿಸಲಿ. ಮೊದಲ ಇಪ್ಪತ್ತು ಮೀಟರಿಗೂ ಹಾಗೇ ಮಾಡಲಿ. ತ್ರೈರಾಶಿ ಯಾಕೆ ತಪ್ಪು ಅಂತ ಅವರೇ ಕಂಡುಕೊಳ್ಳುತ್ತಾರೆ. ಹಗ್ಗ ಕಟ್ಟಿ ಬೈಕಲ್ಲಿ ಎಳೆಯೋ ಪ್ರಯೋಗ ಮಾತ್ರ ಯಾರೂ ಮಾಡಬಾರದು ಅಂತ ಮೊದಲೇ ಹೇಳಿಬಿಡಿ, ಯಾವನೋ ಒಬ್ಬ ಯೋಚನೆ ಮಾಡಿಯೇ ಇರ್ತಾನೆ.

ಪಿಟಿ_ಮೇಷ್ಟ್ರು
ಹಿಂದಿನ ಬೆಂಚಿನವನು ಆಗಲೇ ಕೇಳಿ ಆಯ್ತು.

ಪಿಟಿ_ಮೇಷ್ಟ್ರು (ಹತ್ತು ದಿನದ ನಂತರ)
ಎಲ್ಲರಿಗೂ ವರದಿ. ಮಳೆ ಎರಡು ದಿನ ಬಿಟ್ಟಿತ್ತು. ಕೋಲು ನೆಟ್ಟು ಅಳೆದೆವು. ನಮ್ಮಲ್ಲಿ ಜೋರಾಗಿ ಓಡುವ ಹುಡುಗನಿಗೆ ಮೊದಲ ಇಪ್ಪತ್ತು ಮೀಟರಿಗೆ 3.4 ಸೆಕೆಂಡ್, ಮಧ್ಯದ ಇಪ್ಪತ್ತಕ್ಕೆ 2.4. ಬೋರ್ಡಿನ ಮೇಲೆ ಬರೆದ ತಕ್ಷಣ ಇಡೀ ಕ್ಲಾಸು "ಓ" ಅಂತು. ಕೆಸರು ಜಾಸ್ತಿಯಾ ಕೋಣ ಜಾಸ್ತಿಯಾ ಅನ್ನೋದಕ್ಕೆ "ಅಳೆದವರಿಲ್ಲ, ದೊಡ್ಡವನಾಗಿ ನೀನೇ ಅಳಿ" ಅಂದೆ. ಲೋಡ್ ಸೆಲ್ ಎಷ್ಟು ರೂಪಾಯಿ ಅಂತ ಕೇಳುತ್ತಿದ್ದಾನೆ.

ಹಳೇ ಹುಡುಗನಿಗೂ ಫೋನ್ ಮಾಡಿದೆ. ವಿಸಿಲ್ ವಿಷಯ ಹೇಳಿದೆ. ತುಂಬಾ ಹೊತ್ತು ನಕ್ಕ. ಆಮೇಲೆ "ಸಾರ್, ಮೈದಾನನೂ ಒಮ್ಮೆ ಅಳೆದು ನೋಡಿ" ಅಂದ.

ಅಳೆದೆ. ಪಂಚಾಯ್ತಿಯವರ ಹತ್ತಿರ ಸ್ಟೀಲ್ ಟೇಪ್ ತಂದು ಎರಡು ಸಲ ಅಳೆದೆ. ನಮ್ಮ ನೂರು ಮೀಟರ್ ಅನ್ನೋದು 98 ಮೀಟರ್ 40 ಸೆಂಟಿಮೀಟರ್.

ಸುಮ್ನೆ_ಓದುಗ
ಹಾಗಾದ್ರೆ ಶಾಲೆಯ ದಾಖಲೆಗಳೆಲ್ಲ?

ಪಿಟಿ_ಮೇಷ್ಟ್ರು
ಗೋಡೆ ಮೇಲೆ ಆಯಿಲ್ ಪೇಂಟಿನಲ್ಲಿ ಬರೆಸಿದ್ದೇವೆ ಮಾರಾಯ್ರೆ.